ಡಾಕ್ಟರಮ್ಮ ಕಾಯಿರಿ ಅಂದಿದ್ದರು

ಅಕ್ಕನ ಜೀವ ಉಳಿಸಿದವನು ನಾನು ಎಂದು ನಮ್ಮ ಕಡೆಯವರು ಈಗಲೂ ಹೇಳುತ್ತಾರೆ. ಮದುವೆ ಮನೆಯಲ್ಲಿ, ಬಸ್‌ಸ್ಟಾಂಡಿನಲ್ಲಿ, ಎಲ್ಲಿ ಸಿಕ್ಕಿದರೂ ಹೆಗಲ ಮೇಲೆ ಕೈ ಹಾಕಿ, "ತಮ್ಮ ಅಂದ್ರೆ ನಿನ್ನಂಗಿರ್ಬೇಕು ಕಣ್ಲಾ" ಎನ್ನುತ್ತಾರೆ. ಆ ಕೈಯನ್ನು ಕಿತ್ತು ಬಿಸಾಡಬೇಕು ಅನ್ನಿಸುತ್ತದೆ. ತಿಂಗಳುಗಟ್ಟಲೆ ಆ ಮಾತಿಗೆ ತಲೆ ತಗ್ಗಿಸಿ ನಕ್ಕವನೂ ನಾನೇ. ಆ ನಗುವನ್ನು ನೆನೆಸಿಕೊಂಡರೆ ಇನ್ನೂ ಸಿಟ್ಟು ಬರುತ್ತದೆ.

ನಾನು ಯಾರನ್ನೂ ಉಳಿಸಲಿಲ್ಲ. ಅಕ್ಕನ ಕಾಯಿಲೆ ಕರೆಂಟು, ಮಾತ್ರೆ, ಇಂಜೆಕ್ಷನ್ನಿನಲ್ಲೇ ಹೋಗಿತ್ತು. ಅದು ಹೋದ ಮೇಲೆ ಅವಳ ಮೈಯನ್ನು ಕುಯ್ಯಿಸಿದ್ದು ನಾನು. ಅವಳನ್ನು ಕೇಳದೆ, ಅವಳಿಗೆ ಸುಳ್ಳು ಹೇಳಿ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಬೇಗ ಹೋದಳು. ನನ್ನನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದು ದೊಡ್ಡವನನ್ನಾಗಿ ಮಾಡಿದ್ದು ಅಕ್ಕ. ಆಮೇಲೆ ಅದೇ ಅವಳ ಕೆಲಸವಾಯಿತು. ಕೆಜಿಎಫ್‌ನಲ್ಲಿ ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಗಳಿಂದ ಹಿಡಿದು ಚಾಂಪಿಯನ್ ರೀಫ್ಸ್‌ವರೆಗೂ, ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೂ ಮಗುವಿಗೂ ನೀರು ಹಾಕಲು ಅವಳನ್ನೇ ಕರೆಯುತ್ತಿದ್ದರು. ಬಚ್ಚಲಲ್ಲಿ ನೆಲಕ್ಕೆ ಕೂತು, ಎರಡೂ ಕಾಲು ಚಾಚಿ, ಮಗುವನ್ನು ಕಾಲಿನ ಮೇಲೆ ಬೋರಲು ಮಲಗಿಸಿ, ಹರಳೆಣ್ಣೆ ತಿಕ್ಕಿ, ಬಿಸಿನೀರನ್ನು ಮೊದಲು ತನ್ನ ತೊಡೆಯ ಮೇಲೆ ಹುಯ್ದುಕೊಂಡು ನೋಡುತ್ತಿದ್ದಳು. ತಮಿಳರ ಮನೆಯ ಮಗುವನ್ನು ತಮಿಳಿನಲ್ಲಿ, ತೆಲುಗರ ಮನೆಯ ಮಗುವನ್ನು ತೆಲುಗಿನಲ್ಲಿ ಬಯ್ಯುತ್ತಿದ್ದಳು. ಬಯ್ದರೆ ಅಳು ನಿಲ್ಲಿಸುತ್ತವಂತೆ. ಗಂಡ ಸತ್ತ ಮೇಲೆ ಅವಳು ಯಾರ ಮುಂದೆಯೂ ಕೈಚಾಚದೆ ಬದುಕಿದ್ದು ಆ ಚಾಚಿದ ಕಾಲುಗಳ ಮೇಲೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟೆ. ಬಂಗಾರಪೇಟೆಯಲ್ಲಿ ಮನೆ ಮಾಡಿದ್ದೇನೆ. ಬೋರ್‌ವೆಲ್‌ಗಳಿಂದ ಕೆಟ್ಟ ಮೋಟರ್ ಎತ್ತುವ ಗ್ಯಾಂಗಿನಲ್ಲಿ ಕೆಲಸ. ನಮ್ಮ ಸೀಮೆಯ ಬೋರ್‌ಗಳ ಆಳ ಎಲ್ಲರಿಗೂ ಗೊತ್ತು. ಒಂದೊಂದೇ ಪೈಪು ಬಿಚ್ಚುತ್ತಾ, ಮೋಟರ್ ಕಣ್ಣಿಗೆ ಕಾಣುವವರೆಗೂ ಎತ್ತಬೇಕು. ಮೇಲೆ ನಿಂತು ಏನಾಗಿದೆ ಎಂದು ಹೇಳುವವನನ್ನು ನಾವು ನಂಬುವುದಿಲ್ಲ. ಎತ್ತಿ ನೆಲದ ಮೇಲೆ ಮಲಗಿಸಿದ ಮೇಲೇ ಮಾತು. ಈ ಬುದ್ಧಿಯನ್ನೇ ನಾನು ಆಸ್ಪತ್ರೆಗೂ ತೆಗೆದುಕೊಂಡು ಹೋದೆ.

ಅಕ್ಕನಿಗೆ ರಕ್ತ ಹೋಗಲು ಶುರುವಾದಾಗ ಮೂಲವ್ಯಾಧಿ ಎಂದುಕೊಂಡೆವು. ರಾಬರ್ಟ್‌ಸನ್‌ಪೇಟೆಯಲ್ಲಿ ಒಬ್ಬರು ಕೊಟ್ಟ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದಳು. ಆರು ತಿಂಗಳು ಹಾಗೇ ಹೋಯಿತು. ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಬೆರಳು ಹಾಕಿ ನೋಡಿ, ಆಮೇಲೆ ಒಳಗೆ ಕ್ಯಾಮೆರಾ ಬಿಟ್ಟು ನೋಡಿ, ಗುದನಾಳದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದರು. ಬಹಳ ಕೆಳಗಿದೆ, ಬಾಗಿಲ ಹತ್ತಿರವೇ ಇದೆ. ಈಗಲೇ ಕುಯ್ದರೆ ಆ ದಾರಿಯನ್ನೇ ಹೊಲಿದು ಮುಚ್ಚಿ, ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಹಾಕಬೇಕಾಗುತ್ತದೆ, ಮೊದಲು ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟು ನೋಡೋಣ ಎಂದರು.

ಐದೂವರೆ ವಾರ, ಸೋಮವಾರದಿಂದ ಶುಕ್ರವಾರದವರೆಗೆ, ದಿನಾ ರೈಲಿನಲ್ಲಿ ಹೋಗಿ ಬಂದೆವು. ಬೆಳಗಿನ ರೈಲಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮೂರನೇ ವಾರಕ್ಕೆ ಅಕ್ಕನಿಗೆ ಭೇದಿ ಹಿಡಿಯಿತು. ಕೂರುವ ಜಾಗದ ಚರ್ಮ ಸುಟ್ಟ ಹಾಗೆ ಸುಲಿಯಿತು. ರೈಲಿನ ಕಕ್ಕಸ್ಸಿನ ಮುಂದೆ ನಿಂತು, ಒಳಗಿದ್ದವರನ್ನು ಬಾಗಿಲು ಬಡಿದು ಎಬ್ಬಿಸುವುದು ನನ್ನ ಕೆಲಸ.

"ಯಾವನ್ಲಾ ಅವ್ನು ಒಳ್ಗೆ ಸಂಸಾರ ಮಾಡ್ತಾವ್ನೆ, ಬಾಗ್ಲು ತೆಗಿಸ್ಲಾ," ಎಂದು ಹಲ್ಲು ಕಚ್ಚಿಕೊಂಡೇ ತಮಾಷೆ ಮಾಡುತ್ತಿದ್ದಳು.

ಕರೆಂಟು ಮುಗಿದ ಮೇಲೆ ಕೆಲವು ತಿಂಗಳು ಇಂಜೆಕ್ಷನ್ನು. ಅದೂ ಮುಗಿದು ಒಂದಷ್ಟು ದಿನ ಬಿಟ್ಟು ಮತ್ತೆ ಎಲ್ಲಾ ಪರೀಕ್ಷೆ ಮಾಡಿದರು. ಅವತ್ತು ಡಾಕ್ಟರಮ್ಮನ ಕೋಣೆಯಿಂದ ಹೊರಗೆ ಬಂದ ಅಕ್ಕನ ಮುಖ ಬೇರೆಯೇ ಇತ್ತು.

"ಬೆರ್ಳಾಕಿ ನೋಡುದ್ರು ಕಣ್ಲಾ. ನೋಡ್ಬಿಟ್ಟು ನಕ್ಕುದ್ರು."

"ಏನಂದ್ರು?"

"ಸ್ಕ್ಯಾನು ಬರ್ಲಿ ಅಂದ್ರು. ಆದ್ರೆ ನಕ್ಕುದ್ರು."

ಮುಂದಿನ ವಾರ ರಿಪೋರ್ಟಿಗೆ ಹೋಗಬೇಕಿತ್ತು. ಅದೇ ವಾರ ಲೈನಿನಲ್ಲಿ ಒಂದು ಹೆರಿಗೆಯಾಗಿತ್ತು. ಎಷ್ಟೋ ತಿಂಗಳ ಮೇಲೆ ಅಕ್ಕನಿಗೆ ಮತ್ತೆ ಕರೆ ಬಂದಿತ್ತು. "ನೀನೇ ಓಗ್ಬಾ ತಮ್ಮಯ್ಯ, ಮಗೀಗೆ ನೀರಾಕ್ಬೇಕು, ಒಪ್ಕೊಂಡ್ಬಿಟ್ಟಿವ್ನಿ," ಎಂದಳು. ನಾನೊಬ್ಬನೇ ಹೋದೆ.

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು. ಮೊದಲಿನದರಲ್ಲಿ ಗಡ್ಡೆ. ಎರಡನೆಯದರಲ್ಲಿ ಗಾಯ ಮಾದ ಕಲೆಯಷ್ಟೇ. ಬೆರಳಿಗೂ ಸಿಗುತ್ತಿಲ್ಲ, ಕ್ಯಾಮೆರಾದಲ್ಲೂ ಇಲ್ಲ, ಸ್ಕ್ಯಾನಿನಲ್ಲೂ ಇಲ್ಲ ಎಂದರು. ನಾನು ಆಪರೇಶನ್ ಯಾವತ್ತು ಎಂದು ಕೇಳಿದೆ.

"ಈಗ ಆಪರೇಶನ್ ಬೇಡ ಅಂತ ನಮ್ಮ ಅಭಿಪ್ರಾಯ. ಕಾಯೋಣ. ಮೂರು ತಿಂಗಳಿಗೊಂದು ಸಲ ತಪ್ಪದೆ ಬರಬೇಕು. ಬೆರಳು ಹಾಕಿ ನೋಡ್ತೀವಿ, ಕ್ಯಾಮೆರಾ, ಸ್ಕ್ಯಾನು, ರಕ್ತ. ಕೆಲವರಿಗೆ ಅದೇ ಜಾಗದಲ್ಲಿ ಮತ್ತೆ ಬರುತ್ತೆ. ಬೇಗ ಗೊತ್ತಾದ್ರೆ ಆಗ ಆಪರೇಶನ್ ಮಾಡಬಹುದು. ಬರಲಿಲ್ಲ ಅಂದ್ರೆ ಚೀಲ ಇಲ್ಲದೆ ಬದುಕಬಹುದು."

"ಮತ್ತೆ ಬರಲ್ಲ ಅಂತ ಬರ್ದು ಕೊಡ್ತೀರಾ ಮೇಡಂ?"

"ಯಾರೂ ಬರೆದುಕೊಡೋಕೆ ಆಗಲ್ಲ. ಆಪರೇಶನ್ ಮಾಡಿದ್ರೂ ಬರೆದುಕೊಡೋಕೆ ಆಗಲ್ಲ. ಎರಡರ ಲಾಭ ನಷ್ಟ ನಿಮ್ಮಕ್ಕನಿಗೆ ನಾನೇ ಕೂತು ಹೇಳಬೇಕು. ತೀರ್ಮಾನ ಅವರದ್ದು. ಮುಂದಿನ ವಾರ ಕರಕೊಂಡು ಬನ್ನಿ."

ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ನನಗೆ ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳಲು ಒಂದು ಸಣ್ಣ ಸಂದೂ ಬಿಟ್ಟಿರಲಿಲ್ಲ.

ವಾಪಸ್ ರೈಲಿನಲ್ಲಿ ನನಗೆ ಸಿಟ್ಟು ಏರುತ್ತಾ ಹೋಯಿತು. ಕಾಯಿರಿ ಎಂಬ ಮಾತನ್ನು ಕೆಜಿಎಫ್‌ನವನಿಗೆ ಹೇಳಬಾರದು. ನಮ್ಮಪ್ಪ ಗಣಿಯಲ್ಲಿ ಕೆಲಸ ಮಾಡಿದವನು. ಗಣಿ ಮುಚ್ಚಿದ ಮೇಲೆ ಮತ್ತೆ ತೆಗೆಯುತ್ತಾರೆ, ಕಾಯಿರಿ ಎಂದರು. ಮನೆಗಳನ್ನು ನಿಮ್ಮ ಹೆಸರಿಗೇ ಮಾಡಿಕೊಡುತ್ತೇವೆ, ಕಾಯಿರಿ ಎಂದರು. ಬಂದವರೆಲ್ಲಾ ನೋಡೋಣ, ಕಾಯಿರಿ ಎಂದೇ ಹೋದರು. ಅಪ್ಪ ಪ್ರತಿ ಬೆಳಿಗ್ಗೆ ಷರಟು ತೊಟ್ಟು ಲೈನಿನ ತುದಿಗೆ ಹೋಗಿ ನಿಂತು ಕಾದು ಕಾದು ಸತ್ತ. ನಮ್ಮಲ್ಲಿ ಆಫೀಸಿನವನು ಕಾಯಿರಿ ಎಂದರೆ, ನಿನಗೆ ಏನೂ ಮಾಡುವುದಿಲ್ಲ ಹೋಗು ಎಂದೇ ಅರ್ಥ. ಡಾಕ್ಟರಮ್ಮನ ಮಾತೂ ನನಗೆ ಹಾಗೆಯೇ ಕೇಳಿಸಿತು. ನಾವು ರೇಷನ್ ಕಾರ್ಡಿನ ಮೇಲೆ ಪುಕ್ಕಟೆ ಬಂದವರು, ನಮಗೆ ಆಪರೇಶನ್ ಯಾಕೆ ಎಂದು ಸಾಗಹಾಕುತ್ತಿದ್ದಾರೆ ಎಂದುಕೊಂಡೆ. ಒಳಗೆ ಏನೋ ಇದೆ, ಎತ್ತಿ ನೋಡದೆ ಇಲ್ಲ ಎನ್ನುತ್ತಿದ್ದಾರೆ ಎಂದುಕೊಂಡೆ.

ಇದೆಲ್ಲಾ ನಿಜ. ಆದರೆ ಇದು ದೊಡ್ಡ ಕಾರಣ. ದೊಡ್ಡ ಕಾರಣ ಹೇಳಿಕೊಂಡರೆ ಮರ್ಯಾದೆಯಾಗಿರುತ್ತದೆ. ಅದರ ಕೆಳಗೆ ಒಂದು ಸಣ್ಣ ಕಾರಣವಿತ್ತು. ನನಗೆ ಸಾಕಾಗಿತ್ತು. ರೈಲು ಸಾಕಾಗಿತ್ತು, ಆಸ್ಪತ್ರೆಯ ಬೆಂಚು ಸಾಕಾಗಿತ್ತು, ಕಕ್ಕಸ್ಸಿನ ಬಾಗಿಲು ಬಡಿದು ಸಾಕಾಗಿತ್ತು. "ಇನ್ನೊಂದ್ಸಲ ರಜ ಅಂದ್ರೆ ಬೇರೆಯವನನ್ನ ನೋಡ್ಕೊತೀನಿ" ಎಂದು ಮೇಸ್ತ್ರಿ ಹೇಳಿದ್ದ. ಮೂರು ತಿಂಗಳಿಗೊಮ್ಮೆ, ವರ್ಷಗಟ್ಟಲೆ ಎಂದು ಡಾಕ್ಟರಮ್ಮ ಹೇಳುತ್ತಿದ್ದಾಗ ನನ್ನ ಎದೆಯಲ್ಲಿ ಕುಸಿದದ್ದು ಅಕ್ಕನಿಗಾಗಿ ಅಲ್ಲ. ಒಂದೇ ಸಲ ಕುಯ್ದು ಮುಗಿದುಹೋದರೆ ಸಾಕು ಅನ್ನಿಸಿತ್ತು. ಯಾರಿಗೆ ಮುಗಿಯುವುದು? ನನಗೆ.

ಲೈನಿಗೆ ಬಂದಾಗ ಅಕ್ಕ ಹೊಸ್ತಿಲಲ್ಲಿ ಕೂತು ಒದ್ದೆ ಸೀರೆಯ ಅಂಚು ಹಿಂಡುತ್ತಿದ್ದಳು. ಮಗುವಿಗೆ ನೀರು ಹಾಕಿ ಆಗತಾನೆ ಬಂದಿದ್ದಳು. ಮೈಯೆಲ್ಲಾ ಹರಳೆಣ್ಣೆ, ಸಾಂಬ್ರಾಣಿ ವಾಸನೆ.

"ಏನಂದ್ರು?"

"ಆಪರೇಶನ್ ಆಗ್ಲೇಬೇಕಂತೆ."

"ಚೀಲನಾ?"

"ಊಂ."

"ಆವಮ್ಮ ನಕ್ಕುದ್ರಲ್ಲೋ..."

"ನಗ್ದೆ ನಿನ್ ಮುಂದೆ ಅಳ್ತಾರಾ? ಅಲ್ಲಿ ಬ್ಯಾಡ, ಬೇರೆ ಕಡೆ ಮಾಡ್ಸಾನ," ಎಂದು ಗದರಿಸಿದೆ. ಗದರಿಸಿದ್ದು ಅವಳು ಮತ್ತೊಂದು ಮಾತು ಕೇಳಬಾರದೆಂದು.

ಇನ್ನೊಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಫೈಲನ್ನು ಪೂರಾ ಓದಿದರು. ಅಷ್ಟರಲ್ಲಿ ಅಕ್ಕನಿಗೆ ಅವಸರವಾಗಿ ಕಕ್ಕಸ್ಸಿಗೆ ಓಡಿದಳು. ಕರೆಂಟು ಕೊಟ್ಟಾಗಿನಿಂದ ಅವಳಿಗೆ ತಡೆಯಲು ಆಗುತ್ತಿರಲಿಲ್ಲ. ಅವಳು ಹೋದ ಆ ಐದು ನಿಮಿಷದಲ್ಲಿ ಡಾಕ್ಟರು ನನ್ನನ್ನು ಕೇಳಿದರು.

"ಗಡ್ಡೆ ಪೂರ್ತಿ ಹೋದ ಹಾಗಿದೆ. ಕಾಯಬಹುದು ಅಂತ ಬರೆದಿದ್ದಾರಲ್ಲ?"

"ಕಾಯಕ್ಕಾಗಲ್ಲ ಸಾರ್."

"ಆಪರೇಶನ್ ಮಾಡೋದೂ ತಪ್ಪಲ್ಲ, ಬಹಳ ಕಡೆ ಅದನ್ನೇ ಮಾಡೋದು. ಆದ್ರೆ ಮೂರು ತಿಂಗಳಿಗೊಮ್ಮೆ ಬರೋಕೆ ಆಗೋದಾದ್ರೆ ಯೋಚನೆ ಮಾಡಿ."

"ನಾವು ಕೂಲಿಯೋರು. ಬರಕ್ಕಾಗಲ್ಲ. ತೆಗೆದ್ಬಿಡಿ."

"ಪೇಷಂಟ್ ಏನಂತಾರೆ?"

"ಅವ್ಳೂ ಅದ್ನೇ ಅಂತಾಳೆ."

ಇದು ಎರಡನೇ ಸುಳ್ಳು. ಮೊದಲನೆಯದನ್ನು ಸಿಟ್ಟಿನಲ್ಲಿ ಹೇಳಿದೆ ಎನ್ನಬಹುದು. ಇದನ್ನು ತಣ್ಣಗೆ ಕುರ್ಚಿಯಲ್ಲಿ ಕೂತು ಹೇಳಿದೆ.

ಅಕ್ಕ ವಾಪಸ್ ಬಂದಳು. ಡಾಕ್ಟರು ಅವಳಿಗೆ ಆಪರೇಶನ್ ಬಗ್ಗೆ, ಚೀಲದ ಬಗ್ಗೆ ಹೇಳಿದರು. "ಬೇರೆ ದಾರಿ ಇಲ್ವಾ ಸಾಮಿ?" ಎಂದು ಅಕ್ಕ ಕೇಳಿದಳು. "ನಿಮ್ಮ ತಮ್ಮನಿಗೆ ಎಲ್ಲಾ ಹೇಳಿದ್ದೀನಮ್ಮ, ಇಬ್ಬರೂ ಇನ್ನೊಂದ್ಸಲ ಮಾತಾಡಿಕೊಂಡು ಹೇಳಿ," ಎಂದರು. ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿಕೊಂಡೇ, "ಇಲ್ಲ ಕಣಕ್ಕ, ಬೇರೆ ದಾರಿ ಇಲ್ಲ," ಎಂದೆ. ಒಳಗೆ ಹೋಗಿ ತನ್ನ ಹೆಸರನ್ನು ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದಳು.

ಆಪರೇಶನ್ ಆಯಿತು. ಕೆಳಗಿನ ದಾರಿಯನ್ನು ಹೊಲಿದರು. ಹೊಟ್ಟೆಯ ಎಡಗಡೆ ಕೆಂಪಗೆ ಒಂದು ಬಾಯಿ, ಅದರ ಮೇಲೆ ಚೀಲ. ಕುಯ್ದು ತೆಗೆದದ್ದರ ರಿಪೋರ್ಟಿಗೆ ಮತ್ತೆ ನಾನೊಬ್ಬನೇ ಹೋದೆ. ಡಾಕ್ಟರು ಸಂತೋಷದಿಂದ ಹೇಳಿದರು: "ತೆಗೆದ ಭಾಗದಲ್ಲಿ ಒಂದು ಕ್ಯಾನ್ಸರ್ ಕಣವೂ ಸಿಗಲಿಲ್ಲ. ಎಲ್ಲಾ ಮೊದಲೇ ಸತ್ತುಹೋಗಿತ್ತು. ಬಹಳ ಒಳ್ಳೆ ರಿಪೋರ್ಟು."

ಎತ್ತಿ ನೋಡಿದ್ದಾಯಿತು. ಏನೂ ಇರಲಿಲ್ಲ.

ಅಕ್ಕನಿಗೆ, "ಎಲ್ಲಾ ತೆಗ್ದವ್ರೆ, ಏನೂ ಉಳ್ದಿಲ್ವಂತೆ," ಎಂದೆ. ಅಕ್ಷರಕ್ಕೆ ಅಕ್ಷರ ನಿಜ. ಅದಕ್ಕಿಂತ ಹೊಲಸಾದ ಇನ್ನೊಂದು ಸುಳ್ಳನ್ನು ನಾನು ಹೇಳಿಲ್ಲ.

ಹೊಲಿಗೆ ಹಾಕಿದ ಜಾಗ ತಿಂಗಳುಗಟ್ಟಲೆ ಮಾಯಲಿಲ್ಲ. ನೆಲಕ್ಕೆ ಕೂರಲು ಆಗುತ್ತಿರಲಿಲ್ಲ. ಕೂರಲು ಆಗದವಳು ಮಗುವನ್ನು ಕಾಲ ಮೇಲೆ ಹೇಗೆ ಹಾಕಿಕೊಳ್ಳುತ್ತಾಳೆ? ನಾಲ್ಕು ತಿಂಗಳ ಮೇಲೆ, ದಿಂಬು ಹಾಕಿಕೊಂಡು ಕೂರುತ್ತೇನೆ ಎಂದು ಚಾಂಪಿಯನ್ ರೀಫ್ಸ್‌ನಲ್ಲಿ ಒಂದು ಮನೆಗೆ ಹೋದಳು. ಅದೇ ಮನೆಯ ಗಂಡುಮಗನಿಗೆ ಹಿಂದೆ ನೀರೆರೆದವಳು ಅವಳೇ. ಈಗ ಅವನಿಗೆ ಮಗು ಹುಟ್ಟಿತ್ತು. ಆ ಮನೆಯ ಅಜ್ಜಿ ಬಾಗಿಲಲ್ಲೇ ಕೈಯಡ್ಡ ಹಿಡಿದಳು. "ಬೇಜಾರ್ ಮಾಡ್ಕೋಬೇಡಮ್ಮಾ, ಪಚ್ಚ ಕೊಳಂದೆ, ಹಸುಗೂಸು. ಆ ಚೀಲ ಇಟ್ಕೊಂಡು ನೀನು ಬಚ್ಚಲಿಗೆ..." ಎಂದಳಂತೆ. ವಿಷಯ ತಿಳಿದು ನಾನು ಆ ಮನೆಯ ಮುಂದೆ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಬೀದಿಯೆಲ್ಲಾ ಸೇರಿತು. ನಿಂತು ನೋಡಿದವರಿಗೆ ಅಕ್ಕನ ಮೇಲೆ ಎಷ್ಟು ಪ್ರೀತಿ ಎಂದು ಕಂಡಿರಬೇಕು. ನಾನು ಬೈಯಬೇಕಾಗಿದ್ದವನು ಆ ಮನೆಯೊಳಗೆ ಇರಲಿಲ್ಲ, ಮನೆಯ ಮುಂದೆ ನಿಂತಿದ್ದ.

ಆಪರೇಶನ್ ಆಗಿ ಏಳು ತಿಂಗಳಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಅಕ್ಕನ ಮನೆಯ ನಲ್ಲಿ ಸರಿ ಮಾಡುತ್ತಿದ್ದೆ. ಅವಳ ಫೋನು ಬಡಿದುಕೊಂಡಿತು. ಅವಳು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಮೊದಲಿನ ಆಸ್ಪತ್ರೆಯ ನರ್ಸು.

"ಅಮ್ಮಾ, ಎರಡು ಸಲ ಚೆಕಪ್ಪಿಗೆ ಬಂದಿಲ್ಲ ನೀವು. ಆಪರೇಶನ್ ಇಲ್ಲದೆ ಕಾಯ್ತಾ ಇರೋರು ತಪ್ಪಿಸಬಾರದು. ಡಾಕ್ಟರು ಕೇಳ್ತಿದ್ದಾರೆ."

"ಆಪರೇಶನ್ ಆಯ್ತಲ್ಲಮ್ಮ ನಂದು. ನೀವೇ ಆಗ್ಬೇಕು ಅಂದಿದ್ರಂತಲ್ಲ."

ಆ ಕಡೆ ಕಾಗದ ತಿರುವಿದ ಸದ್ದು ಕೇಳಿಸಿತು. "ಇಲ್ಲಮ್ಮ... ನಿಮ್ಮ ತಮ್ಮನಿಗೆ ಹೇಳಿ ಕಳಿಸಿದ್ವಿ. ನಿಮ್ಮನ್ನ ಕರಕೊಂಡು ಬಾ ಅಂದಿದ್ರು ಡಾಕ್ಟರು. ನೀವು ಬರಲೇ ಇಲ್ಲ."

ಅಕ್ಕ ಫೋನನ್ನು ಕಿಟಕಿಯ ಮೇಲಿಟ್ಟಳು. ನನ್ನ ಕೈಯಲ್ಲಿ ಸ್ಪಾನರ್ ಇತ್ತು. ನಲ್ಲಿಯಿಂದ ನೀರು ಹರಿಯುತ್ತಿತ್ತು.

"ಏನ್ಲಾ ಅದು?"

ಹೇಳಿದೆ. ಮೊದಲು ಡಾಕ್ಟರಮ್ಮ ಅಂದದ್ದು, ಆಮೇಲೆ ಎರಡನೇ ಡಾಕ್ಟರು ಕೇಳಿದ್ದು, ಕೊನೆಗೆ ರಿಪೋರ್ಟು. ಅಪ್ಪನ ವಿಷಯ, ಕಾಯಿರಿ ಎನ್ನುವವರ ವಿಷಯವನ್ನೂ ಸೇರಿಸಿದೆ.

"ಒಳ್ಗೆ ಏನೂ ಇರ್ಲಿಲ್ವಾ?"

"ಇರ್ಲಿಲ್ಲ."

"ಏನೂ ಇಲ್ದೆ ಇರೋದ್ನ ಕುಯ್ಸ್ಬಿಟ್ಯಾ?"

"ಮತ್ತೆ ಬಂದಿದ್ರೆ ಏನ್ ಮಾಡ್ತಿದ್ದೆ ಅಕ್ಕ? ಜೀವ್ಕೇ..."

"ಬಂದಿದ್ರೆ ಆಗ ಕುಯ್ಸ್ಕೊತಿದ್ದೆ! ಮೂರು ತಿಂಗ್ಳಿಗೊಂದ್ಸಲ ರೈಲತ್ತಕ್ಕೆ ನಂಗೆ ಕಾಲಿರ್ಲಿಲ್ವೇನ್ಲಾ? ಬರಕ್ಕಾಗಲ್ಲ ಅಂತ ನಾನ್ ಏಳುದ್ನಾ? ನನ್ ಮೈ ಅಂದ್ರೆ ನಿನ್ ಬೋರ್ ಅನ್ಕೊಂಡ್ಯಾ, ನಿಂಗೆ ಬೇಕಾದಾಗ ಕಿತ್ತು ಎತ್ತಿ ನೋಡಕ್ಕೆ?"

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಆ ಕಾಲುಗಳ ಮೇಲೆ ನಾನು ಮಲಗಿ ನೀರು ಹುಯ್ಯಿಸಿಕೊಂಡಿದ್ದೆ.

"ನಾಟಕ ಮಾಡ್ಬ್ಯಾಡ, ಎದ್ದೇಳು. ಇನ್ನೊಂದ್ ಮಾತೇಳ್ತೀನಿ ಕೇಳು. ಆವಮ್ಮ ಕೂರುಸ್ಕೊಂಡು ಏಳಿದ್ದಿದ್ರೆ ನಾನೂ ಎದ್ರುಕೊಂಡು, ತೆಗ್ದೇ ಬಿಡಿ ತಾಯಿ ಅಂತಿದ್ನೋ ಏನೋ. ನಂಗೊತ್ತಿಲ್ಲ. ಅಂಗಂದಿದ್ರೆ ಈ ಚೀಲ ನಂದು ಅನ್ಕೊಂಡು ತೊಳೀತಿದ್ದೆ. ಈಗ ದಿನಾ ನಿಂದು ತೊಳೀಬೇಕು ನಾನು."

ಡಾಕ್ಟರುಗಳಲ್ಲಿ ಯಾರ ಮಾತು ಸರಿ ಎಂದು ನಾನು ಜಗಳ ಕಾಯಬಲ್ಲೆ. ಕಾದಿದ್ದರೆ ಮತ್ತೆ ಬರುತ್ತಿತ್ತೋ ಇಲ್ಲವೋ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಹೇಳಬಲ್ಲೆ. ಅವಳನ್ನು ಕೇಳಲಿಲ್ಲ ಎಂಬುದಕ್ಕೆ ಏನು ಹೇಳಲಿ? ನಮ್ಮನ್ನು ಯಾರೂ ಯಾವತ್ತೂ ಕೇಳಲಿಲ್ಲ ಎಂದು ಊರೂರು ಸಿಟ್ಟು ಹೊತ್ತು ತಿರುಗುವವನು ನಾನು. ಗಣಿ ಮುಚ್ಚುವಾಗ ನಮ್ಮಪ್ಪನನ್ನು ಯಾರಾದರೂ ಕೇಳಿದರಾ ಎಂದು ಟೀ ಅಂಗಡಿಯಲ್ಲಿ ಕೂಗಾಡುವವನು ನಾನು. ನನ್ನ ಕೈಗೆ ಒಬ್ಬಳ ವಿಷಯದಲ್ಲಿ ಅಧಿಕಾರ ಸಿಕ್ಕಿದ ಒಂದೇ ಒಂದು ಸಲ ನಾನು ಅವರೆಲ್ಲರಿಗಿಂತ ಕೆಟ್ಟದಾಗಿ ನಡೆದುಕೊಂಡೆ. ಅವರಾದರೂ ಪರಕೀಯರು.

ಎರಡು ತಿಂಗಳು ಅಕ್ಕ ಮಾತಾಡಲಿಲ್ಲ. ಹೆಂಡತಿಯ ಕೈಯಲ್ಲಿ ಸಾರು ಕಳಿಸಿದರೆ ಪಾತ್ರೆ ತೊಳೆದು ವಾಪಸ್ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಆಪರೇಶನ್ ಮಾಡಿದ ಮೇಲೂ ಆಗಾಗ ಹೋಗಿ ತೋರಿಸಬೇಕು. ಆ ದಿನ ನನಗೆ ನೆನಪಿತ್ತು. ಮೇಸ್ತ್ರಿಗೆ ಬರುವುದಿಲ್ಲ ಎಂದು ಹೇಳಿ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಾದು ನಿಂತೆ. ಕೆಜಿಎಫ್ ಕಡೆಯಿಂದ ಬೆಂಗಳೂರಿನ ರೈಲು ಬಂದಾಗ ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಕಂಡಳು. ನನ್ನನ್ನು ನೋಡಿದಳು, ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಪಕ್ಕದ ಡಬ್ಬಿ ಹತ್ತಿದೆ.

ಆಪರೇಶನ್ ಮಾಡಿದ್ದ ಆಸ್ಪತ್ರೆಯಲ್ಲಿ ಒಂದೇ ಬೆಂಚಿನಲ್ಲಿ ನಡುವೆ ಜಾಗ ಬಿಟ್ಟು ಕೂತೆವು. ಅವಳು ಫೈಲನ್ನು ಪಕ್ಕದಲ್ಲಿ ಇಟ್ಟಿದ್ದಳು. ಹೆಸರು ಕೂಗಿದಾಗ, ರೂಢಿಯಂತೆ ಎದ್ದು ಫೈಲಿಗೆ ಕೈ ಹಾಕಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನೀನಿಲ್ಲೇ ಕೂತ್ಕೊ."

"ಡಾಕ್ಟ್ರೇಳೋದು ನಿಂಗೆ ಅರ್ಥವಾಗ್ದೆ ಓಗ್ಬಿಟ್ರೆ..."

"ಅರ್ಥ ಆಗೋಗಂಟ ಕೇಳ್ತೀನಿ. ಕೂತ್ಕೊಳ್ಲಾ."

ಒಳಗೆ ಹೋಗಿ ತಾನೇ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅವಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಏನೋ ಕೇಳಿದಳು, ಡಾಕ್ಟರು ಏನೋ ಹೇಳಿದರು, ಮತ್ತೆ ಕೇಳಿದಳು. ಅವಳ ಹಿಂದೆ ಕಾಯುತ್ತಿದ್ದವರು ಗೊಣಗಲು ಶುರು ಮಾಡಿದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು.

"ಏನಂದ್ರಕ್ಕ?"

"ನಂಗೇಳವ್ರೆ," ಎಂದಳು.

ಫೈಲನ್ನು ಕೈಚೀಲಕ್ಕೆ ಹಾಕಿಕೊಂಡು ಮೆಟ್ಟಿಲ ಕಡೆ ನಡೆದಳು. ನನಗೆ ಸಿಟ್ಟು ಬಂತು. ಅದನ್ನೂ ಮುಚ್ಚಿಡುವುದಿಲ್ಲ. ಅಷ್ಟೆಲ್ಲಾ ಮಾಡಿದ ಮೇಲೂ, ಇವಳು ನನಗೆ ಹೇಳಬೇಕಿತ್ತು ಎಂದು ಆ ಕ್ಷಣದಲ್ಲೂ ಅನ್ನಿಸಿತು. ವಾಪಸ್ ರೈಲಿನಲ್ಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಒಳ್ಳೆಯದೋ ಕೆಟ್ಟದ್ದೋ, ಅವತ್ತು ಡಾಕ್ಟರು ಏನು ಹೇಳಿದರೆಂದು ನನಗೆ ಇನ್ನೂ ಗೊತ್ತಿಲ್ಲ.